ಇನ್ನೊಂದು ಸೌಟು ಆಲೂಗೆಡ್ಡೆ ಹುಳಿ

“ಗುರುಗಳೇ, ಉಣಬಡಿಸಿದವರಿಗೆ ಕೃತಜ್ಞತೆ ಸಲ್ಲಿಸುವುದು ಹೇಗೆ?” ಎಂದು ಶಿಷ್ಯ ಕೇಳಿದ. ಆಗಷ್ಟೇ ಊಟ ಮುಗಿಸಿ ಕೈ ತೊಳೆದು ಬಂದಿದ್ದ. “ಶ್ಲೋಕ ಹೇಳುತ್ತೇನೆ. ಅಡುಗೆಯನ್ನು ಬಾಯಿತುಂಬ ಹೊಗಳುತ್ತೇನೆ. ಆದರೂ ಏನೋ ಬಿಟ್ಟುಹೋದಂತೆ ಅನಿಸುತ್ತದೆ.”

ಗುರು ಅವನಿಗೆ ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ರೈತನಿದ್ದ. ಆಲೂಗೆಡ್ಡೆ ಬೆಳೆಯುತ್ತಿದ್ದ. ಕೀಳುವಾಗ ಗುದ್ದಲಿಯ ಏಟು ಬಿದ್ದ ಗೆಡ್ಡೆಗಳನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಅವೆಲ್ಲ ಅವನ ಮನೆಯ ಒಲೆಗೇ ಬರುತ್ತಿದ್ದವು. ಹೆಂಡತಿ ಅವನ್ನು ಹೆಚ್ಚಿ, ತೊಗರಿಬೇಳೆಯ ಜೊತೆ ಬೇಯಿಸಿ, ಹುರಿದ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಕಾಯಿ ಅರೆದು ಹಾಕಿ ಹುಳಿ ಮಾಡುತ್ತಿದ್ದಳು. ಬಿಸಿ ಮುದ್ದೆಯ ಪಕ್ಕ ಆ ಹುಳಿ ಬಿದ್ದರೆ ಸಾಕು, ರೈತನ ಹೊಲದ ದಣಿವೆಲ್ಲ ಮೊದಲ ತುತ್ತಿಗೇ ಇಳಿದುಹೋಗುತ್ತಿತ್ತು. ಇಂಥವಳು ಸಿಕ್ಕಿದ್ದು ನನ್ನ ಪುಣ್ಯ ಎಂದು ಅವನು ದಿನವೂ ಅಂದುಕೊಳ್ಳುತ್ತಿದ್ದ.

ಅಂದುಕೊಳ್ಳುತ್ತಿದ್ದನೇ ಹೊರತು ಹೇಳುತ್ತಿರಲಿಲ್ಲ. ಆ ಸೀಮೆಯಲ್ಲಿ ಮನೆಯವಳ ಎದುರು ಅಡುಗೆಯನ್ನು ಹೊಗಳುವ ವಾಡಿಕೆಯಿಲ್ಲ. ಅದೇನಿದ್ದರೂ ನೆಂಟರು ಆಡುವ ಮಾತು. ಮನೆಯ ಗಂಡಸು ಮೆಚ್ಚಿದ್ದನ್ನು ತೋರಿಸಬೇಕಾದರೆ ತಟ್ಟೆ ಮುಂದೆ ಹಿಡಿದು ಇನ್ನೊಂದು ಸೌಟು ಕೇಳಬೇಕು. ರೈತ ಒಳ್ಳೆಯ ಮನುಷ್ಯ, ಮೆಚ್ಚುಗೆಯಲ್ಲಿ ಜಿಪುಣನಲ್ಲ. ಇನ್ನೊಂದು ಕೇಳುತ್ತಿದ್ದ. ಹೊಟ್ಟೆ ತುಂಬಿದ ಮೇಲೂ, ಅವಳ ಮುಖ ಅರಳುವುದನ್ನು ನೋಡಲೆಂದೇ, ಮತ್ತೊಂದು ಕೇಳುತ್ತಿದ್ದ. ಅವಳು ದೊಡ್ಡ ಪಾತ್ರೆ ಇಟ್ಟ ದಿನ ಅವನ ಮೆಚ್ಚುಗೆಯೂ ಅಷ್ಟೇ ದೊಡ್ಡದಾಗುತ್ತಿತ್ತು.

ಆ ವರ್ಷ ಗೆಡ್ಡೆ ಕೀಳುವ ಕಾಲಕ್ಕೆ ಹೆಂಡತಿ ಬಡವಾದಳು. ತಲೆಯ ಮೇಲೆ ಹೊರುತ್ತಿದ್ದ ಬುಟ್ಟಿಯನ್ನು ನೆಲದ ಮೇಲೆ ಎಳೆಯತೊಡಗಿದಳು. ಸಾಲಿನ ನಡುವೆ ಸುಮ್ಮನೆ ಕೂತುಬಿಡುತ್ತಿದ್ದಳು. ರೈತ ಗಾಬರಿಯಾದ. ಯಾರದೋ ಕಣ್ಣು ಬಿದ್ದಿದೆಯೆಂದು ದೃಷ್ಟಿ ತೆಗೆಸಿದ. ವೈದ್ಯರಿಂದ ಕಷಾಯ ತಂದುಕೊಟ್ಟ. ಇವಳಿಗೆ ಏನಾದರೂ ಆಗಿಬಿಟ್ಟರೆ ತನಗೆ ಯಾರಿದ್ದಾರೆ ಎಂದು ಒಳಗೊಳಗೇ ಅಳುಕಿದ. ಕಷಾಯ ಕುಡಿದು ಅವಳು ಮತ್ತಷ್ಟು ಸೊರಗಿದಳು.

ಒಂದು ಮಧ್ಯಾಹ್ನ ಊಟ ಮಾಡಿ ಹೊಲಕ್ಕೆ ಹೊರಟವನು ಟವೆಲ್ ಮರೆತು ಹಿಂದಿರುಗಿದ. ಅಡುಗೆಮನೆಯಲ್ಲಿ ಹೆಂಡತಿ ಖಾಲಿ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು, ಮುದ್ದೆಯ ಚೂರಿನಿಂದ ಅದರ ತಳ ಒರೆಸಿ ತಿನ್ನುತ್ತಿದ್ದಳು. ಪಾತ್ರೆಯಲ್ಲಿ ಆಲೂಗೆಡ್ಡೆಯ ಒಂದು ಹೋಳೂ ಇರಲಿಲ್ಲ. ಗಂಡನನ್ನು ಕಂಡು ಅವಳು ಪಾತ್ರೆಯನ್ನು ಹಿಂದಕ್ಕೆ ಸರಿಸಿದಳು.

“ಇದೇನೇ, ಹುಳಿ ಎಲ್ಲಿ?”

“ನಂಗೆ ತಳದ್ದೇ ರುಚಿ.”

ರೈತ ನಿಂತಲ್ಲೇ ನಿಂತ. ಇದೇ ಮಾತನ್ನು ಅವನ ತಾಯಿ ಹೇಳುತ್ತಿದ್ದಳು. ಅಮ್ಮನಿಗೆ ತಳದ್ದೇ ಇಷ್ಟ ಎಂದು ಅವನು ಅವಳು ಸಾಯುವವರೆಗೂ ನಂಬಿದ್ದ. ಸತ್ತ ಮೇಲೂ ನಂಬಿದ್ದ. ಎರಡು ಹೆಣ್ಣುಜೀವಗಳ ಊಟವನ್ನು ತಾನು ಮೆಚ್ಚಿ ಮೆಚ್ಚಿ ತಿಂದುಹಾಕಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಟವೆಲ್ಲನ್ನು ಅಲ್ಲೇ ಬಿಟ್ಟು ಹೊರಟುಹೋದ.

ಮರುದಿನ ಒಂದು ಸೌಟಿಗೇ ಕೈ ಅಡ್ಡ ಹಿಡಿದ.

“ಸಾಕು.”

ಹೆಂಡತಿಯ ಮುಖ ಬಾಡಿತು. “ಯಾಕೆ, ಉಪ್ಪು ಜಾಸ್ತಿ ಆಯ್ತಾ?” ಎಂದಳು. ಇಲ್ಲವೆಂದ. “ಖಾರ ಹೆಚ್ಚಾಯ್ತಾ? ಬೇಳೆ ಬೆಂದಿಲ್ವಾ?” ಏನೂ ಆಗಿಲ್ಲ, ಹೊಟ್ಟೆ ತುಂಬಿತು ಎಂದ. ಅವಳು ನಂಬಲಿಲ್ಲ. ಆ ದಿನ ಪಾತ್ರೆಯ ತುಂಬ ಹುಳಿ ಉಳಿಯಿತು. ತನ್ನ ಕೈರುಚಿ ಕೆಟ್ಟಿತೆಂಬ ಸಂಕಟದಲ್ಲಿ ಅವಳು ಅದಕ್ಕೆ ಮುಚ್ಚಳ ಹಾಕಿ, ಊಟ ಮಾಡದೆ ಎದ್ದಳು. ಇನ್ನೊಂದು ಸೌಟು ಕೇಳಿದರೆ ಅವಳಿಗೆ ಅನ್ನವಿಲ್ಲ, ಕೇಳದಿದ್ದರೂ ಅವಳು ಉಣ್ಣುವುದಿಲ್ಲ. ರೈತನಿಗೆ ತಲೆ ಕೆಟ್ಟಂತಾಯಿತು.

ಅದರ ಮರುದಿನ ಊಟಕ್ಕೆ ಕೂತವನು ಮೊದಲ ಸೌಟು ಮುಗಿಸಿ, “ಇನ್ನೊಂದು ಹಾಕು” ಎಂದ. ಅವಳ ಮುಖಕ್ಕೆ ಕಳೆ ಬಂತು. ಸೌಟು ತುಂಬಿಸಿಕೊಂಡು ಬಗ್ಗುವಷ್ಟರಲ್ಲಿ ಅವನು ಗೂಡಿನಿಂದ ಬೇರೊಂದು ತಟ್ಟೆ ತೆಗೆದು, ಒಂದು ಮುದ್ದೆ ಹಾಕಿ ತನ್ನ ಪಕ್ಕ ಇಟ್ಟ.

“ಇದಕ್ಕೆ ಹಾಕು.”

“ಯಾರು ಬರ್ತಾರೆ?”

“ಯಾರೂ ಬರಲ್ಲ. ನೀನೇ ಕೂತ್ಕೋ.”

“ಚೆನ್ನಾಗಿದೆ! ನಾನು ಕೂತ್ರೆ ಬಡಿಸೋರ್ಯಾರು?”

“ನಂಗೇನು ಕೈಯಿಲ್ವಾ?” ಎಂದು ರೈತ ಸೌಟು ಕಸಿದುಕೊಂಡ.

ಬಡಿಸಿ ಅಭ್ಯಾಸವಿಲ್ಲದ ಕೈ. ಅರ್ಧ ಹುಳಿ ನೆಲಕ್ಕೆ ಚೆಲ್ಲಿತು, ಉಳಿದದ್ದು ಮುದ್ದೆಯ ಮೇಲೆ ಬಿತ್ತು. ಅವನು ಪಾತ್ರೆ ಕೆದಕಿ ಆಲೂಗೆಡ್ಡೆಯ ದಪ್ಪ ಹೋಳುಗಳನ್ನೇ ಹುಡುಕಿ ಹುಡುಕಿ ಅವಳ ತಟ್ಟೆಗೆ ಹಾಕಿದ. ಅವಳಿಗೆ ನಗು ಬಂತು. ಗಂಡನ ಎದುರು ಕೂತು ಉಣ್ಣಲು ಸಂಕೋಚವಾಗಿ ಗೋಡೆಯ ಕಡೆ ತಿರುಗಿ ಕೂತಳು. ಮೊದಲ ತುತ್ತು ಮೆಲ್ಲಗೆ ಇಳಿಯಿತು. ಆಮೇಲೆ ಹಸಿವು ಸಂಕೋಚವನ್ನು ಲೆಕ್ಕಕ್ಕಿಡಲಿಲ್ಲ. ಹುಳಿ ಬಿಸಿಯಾಗಿತ್ತು, ಆಲೂಗೆಡ್ಡೆ ಬಾಯಲ್ಲಿಟ್ಟರೆ ಕರಗುತ್ತಿತ್ತು. ತಾನು ಮಾಡಿದ ಹುಳಿ ಬಿಸಿಬಿಸಿಯಾಗಿದ್ದಾಗ ಇಷ್ಟು ರುಚಿಯೆಂದು ಅವಳಿಗೆ ಅಂದೇ ಗೊತ್ತಾದದ್ದು.

ತಟ್ಟೆ ಬರಿದಾಯಿತು. ಅವಳು ಗೋಡೆಯ ಕಡೆಯಿಂದ ತಿರುಗಲಿಲ್ಲ. ತಟ್ಟೆಯನ್ನು ಮಾತ್ರ ಅವನ ಕಡೆಗೆ ಚಾಚಿದಳು.

“ಇನ್ನೊಂದು ಸೌಟು.”

ರೈತನ ಕಣ್ಣು ತುಂಬಿತು. ಹುಳಿ ಮಾಡಿದವಳು ಅವಳು, ಆದರೂ ಅವನ ಜನ್ಮದಲ್ಲಿ ಯಾರೂ ಅವನಿಗೆ ಅಷ್ಟು ದೊಡ್ಡ ಕೃತಜ್ಞತೆ ಸಲ್ಲಿಸಿರಲಿಲ್ಲ.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

“ಹಾಗಾದರೆ ಬಾಯಲ್ಲಿ ಏನೂ ಹೇಳಬಾರದೇ, ಗುರುಗಳೇ?” ಎಂದ ಶಿಷ್ಯ.

“ಹೇಳಪ್ಪ, ಬೇಡವೆಂದವರು ಯಾರು? ಇವತ್ತು ನಿನಗೆ ಬಡಿಸಿದವರು ಉಂಡರೇ?”

ಶಿಷ್ಯ ಎದ್ದು ಅಡುಗೆಮನೆಯ ಕಡೆ ನಡೆದ.