ಕೆನ್ನೆಯ ಮೇಲಿನ ಬೆಳಕು

“ಗುರುಗಳೇ, ಊರಲ್ಲಿದ್ದಾಗ ಕಣ್ಣು ಮುಚ್ಚಿದರೆ ದೇವರು ಕಾಣುತ್ತಿದ್ದ. ಮಠಕ್ಕೆ ಬಂದು ನಿಮ್ಮ ಹತ್ತಿರ ಕೂತ ಮೇಲೆ ಕಣ್ಣು ಮುಚ್ಚಿದರೆ ಬರೀ ಕತ್ತಲು. ನನ್ನಲ್ಲಿ ಕೆಟ್ಟಿರುವುದು ಏನು? ಅದು ಸರಿಹೋಗುವಂಥದ್ದೇ?”

ಕೇಳಿದವನು ಹಂಪಯ್ಯ ಎಂಬ ಶಿಷ್ಯ. ಕೇಳುವುದಕ್ಕೆ ಮೊದಲೇ ಅವನು ಚೀಲ ಕಟ್ಟಿ ಮಠದ ಬಾಗಿಲ ಬಳಿ ಇಟ್ಟು ಬಂದಿದ್ದ. ಉತ್ತರ ಸರಿಬರದಿದ್ದರೆ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೊರಡುವುದೆಂದು ನಿಶ್ಚಯಿಸಿದ್ದ. ಗುರುಗಳು ಆ ಚೀಲವನ್ನು ನೋಡಿದರು. ತಾವು ಅವರೆಕಾಯಿ ಬಿಡಿಸುತ್ತಿದ್ದ ಮೊರವನ್ನು ಅವನ ಕಡೆಗೂ ಸ್ವಲ್ಪ ಸರಿಸಿದರು.

“ಬಸ್ಸಿಗೆ ಇನ್ನೂ ಹೊತ್ತಿದೆ, ಬಿಡಿಸು. ಒಬ್ಬ ಪಾತ್ರೆ ವ್ಯಾಪಾರಿಯ ಕತೆ ಹೇಳುತ್ತೇನೆ” ಎಂದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಸ್ಟೀಲಿನ ಕೊಳಗ, ತಪ್ಪಲೆ, ಡಬ್ಬಿ ಮಾರುತ್ತಿದ್ದ. ಅವನ ಹೆಂಡತಿ ಮಾತಿನವಳು. ಊಟಕ್ಕೆ ಕೂತಾಗ ದಿನದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಅವನು ತಟ್ಟೆ ನೋಡುತ್ತ ಹೂಂಗುಟ್ಟುತ್ತಿದ್ದ. ತಟ್ಟೆ ಅವನ ಅಂಗಡಿಯದೇ. ಅಂಥವನ್ನು ನೋಡುವುದಕ್ಕೆ ಅವನಿಗೆ ಹಗಲೆಲ್ಲ ಸಮಯವಿತ್ತು. ಆದರೂ ಅದನ್ನೇ ನೋಡುತ್ತಿದ್ದ.

ಒಮ್ಮೆ ತವರಿನಲ್ಲಿ ಅವಳ ತಾಯಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ನೋಡಿಕೊಳ್ಳಲು ಅವಳು ಹೋದಳು. ಕಾಲು ಕೂಡಿಕೊಂಡಿತು. ತಾಯಿ ಎದ್ದು ಓಡಾಡಿದರು. ಅವಳು ಬರಲಿಲ್ಲ. ಜಗಳವೇನೂ ಆಗಿರಲಿಲ್ಲ. ಗಂಡ ಬಾ ಎನ್ನಲಿ ಎಂದು ಅವಳು ಕಾಯುತ್ತಿದ್ದಳು. ಬರುತ್ತೇನೆ ಎಂದು ಅವಳೇ ಹೇಳಲಿ ಎಂದು ಅವನು ಕಾಯುತ್ತಿದ್ದ. ಇಬ್ಬರೂ ತಾಳ್ಮೆಯವರು. ಗಂಡ ಹೆಂಡತಿಯರ ನಡುವೆ ತಾಳ್ಮೆ ಎಷ್ಟು ಹಾನಿ ಮಾಡಬಲ್ಲದೆಂದು ಯಾರೂ ಲೆಕ್ಕ ಹಾಕಿದಂತಿಲ್ಲ.

ಸಂಜೆಯಾದರೆ ಅವಳು ಫೋನು ಮಾಡುತ್ತಿದ್ದಳು. ಅವಳದು ಗುಂಡಿ ಒತ್ತುವ ಹಳೆಯ ಫೋನು. ಅದರಲ್ಲಿ ಮುಖ ನೋಡಿ ಮಾತಾಡುವಂತಿಲ್ಲ. ಅವನದು ದೊಡ್ಡ ಪರದೆಯ ಫೋನು. ಅವಳ ಕರೆ ಬಂದಾಗ ಪರದೆಯ ತುಂಬ ಅವಳ ಫೋಟೋ ಬರುತ್ತಿತ್ತು. ಫೋನು ಕೊಂಡು ತಂದ ದಿನ, ಕ್ಯಾಮೆರಾ ಹೇಗಿದೆ ನೋಡೋಣವೆಂದು ಅವನು ತೆಗೆದಿದ್ದ ಫೋಟೋ ಅದು. ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ಏನೋ ಹೇಳಲು ಬಾಯಿ ತೆರೆದಿದ್ದಳು. ಏನು ಹೇಳಿದಳೆಂದು ಅವನಿಗೆ ನೆನಪಿಲ್ಲ.

ಅವಳು ಹೋದ ಮೇಲೆ ಆ ಫೋಟೋದ ಮೇಲೆ ಅವನಿಗೆ ಮೋಹ ಹುಟ್ಟಿತು. ಫೋನು ರಿಂಗಾದರೆ ಕೂಡಲೇ ಎತ್ತುತ್ತಿರಲಿಲ್ಲ. ರಿಂಗಾಗುವಷ್ಟು ಹೊತ್ತು ಮುಖ ನೋಡುತ್ತಿದ್ದ. ನಿಂತುಹೋದೀತು ಎನ್ನಿಸಿದಾಗ ಎತ್ತುತ್ತಿದ್ದ.

“ಇಷ್ಟು ಹೊತ್ತು ಏನ್ ಮಾಡ್ತಿದ್ರಿ?” ಎಂದು ಅವಳು ಕೇಳುತ್ತಿದ್ದಳು.

“ಗಿರಾಕಿ ಇದ್ರು” ಎನ್ನುತ್ತಿದ್ದ. ಆ ಹೊತ್ತಿಗೆ ಅಂಗಡಿಯಲ್ಲಿ ಗಿರಾಕಿಗಳು ಇರುತ್ತಿರಲಿಲ್ಲ. ಕೊಳಗಗಳಿರುತ್ತಿದ್ದವು.

ಎತ್ತಿದ ಮೇಲೆ ತೊಂದರೆ ಶುರುವಾಗುತ್ತಿತ್ತು. ಫೋನನ್ನು ಕಿವಿಯ ಹತ್ತಿರ ತಂದ ಕೂಡಲೇ ಪರದೆ ಕಪ್ಪಾಗುತ್ತಿತ್ತು. ಎದುರಿನ ಹಲಗೆಯ ಮೇಲೆ ಒಂದು ದೊಡ್ಡ ಕೊಳಗವಿತ್ತು. ಅದರ ಹೊಳಪಿನಲ್ಲಿ ತನ್ನ ಮುಖವನ್ನು ಅವನು ದಿನವೂ ಕಾಣುತ್ತಿದ್ದ. ಫೋನು ದೂರವಿದ್ದಾಗ ಆ ಮುಖದ ಮೇಲೆ ಸ್ವಲ್ಪ ಬೆಳಕಿರುತ್ತಿತ್ತು. ಹತ್ತಿರ ತಂದರೆ ಆರುತ್ತಿತ್ತು. ದೂರ ಹಿಡಿದರೆ ಅವಳ ಮುಖ ಕಾಣುತ್ತದೆ, ಮಾತು ಕೇಳುವುದಿಲ್ಲ. ಹತ್ತಿರ ಹಿಡಿದರೆ ಮಾತು ಕೇಳುತ್ತದೆ, ಮುಖ ಹೋಗುತ್ತದೆ. ಜೋರಾಗಿ ಕೇಳುವಂತೆ ಸ್ಪೀಕರಿಗೆ ಹಾಕಿ ಒಮ್ಮೆ ನೋಡಿದ. “ನನ್ನ ಮಾತು ಪೇಟೆಗೆಲ್ಲ ಕೇಳಿಸೋದಾದ್ರೆ ನಾನು ಮಾತೇ ಆಡಲ್ಲ” ಎಂದಳು. ಮತ್ತೆ ಹಾಕಲಿಲ್ಲ.

ಪರದೆ ಕೆಟ್ಟಿದೆ ಎಂದು ಅವನು ತೀರ್ಮಾನಿಸಿದ. ಅಂಗಿಯ ತುದಿಯಿಂದ ಒರೆಸಿದ. ಬೆಳಕನ್ನು ಪೂರ್ತಿ ಏರಿಸಿದ. ಕವಚ ಬದಲಿಸಿದ. ಪಕ್ಕದ ಎಲೆ ಅಡಿಕೆಯವನು ಆಫ್ ಮಾಡಿ ಆನ್ ಮಾಡಲು ಹೇಳಿದ. ಆಚೆಯ ಬಟ್ಟೆ ಅಂಗಡಿಯವನೂ ಅದನ್ನೇ ಹೇಳಿದ. ಲೋಕದಲ್ಲಿ ವೈದ್ಯರು ಕಡಿಮೆಯಿರಬಹುದು, ಆ ಒಂದು ಔಷಧ ಗೊತ್ತಿಲ್ಲದವರು ಯಾರೂ ಇಲ್ಲ. ಅವನು ಆಫ್ ಮಾಡಿದ, ಆನ್ ಮಾಡಿದ. ಸಂಜೆ ಅವಳ ಕರೆ ಬಂತು. ಕಿವಿಗಿಟ್ಟ. ಕತ್ತಲು.

ಕೊನೆಗೆ ಬಸ್ ನಿಲ್ದಾಣದ ಬಳಿಯ ಮೊಬೈಲ್ ರಿಪೇರಿಯವನ ಹತ್ತಿರ ಹೋದ. ಅವನು ಫೋನನ್ನು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ.

“ಇದು ಕೆಟ್ಟಿಲ್ಲ ಯಜಮಾನ್ರೇ. ಮೇಲ್ಗಡೆ ಸಣ್ಣದೊಂದು ಸೆನ್ಸರ್ ಇದೆ. ಮುಖ ಹತ್ತಿರ ಬಂದ್ರೆ ಅದಕ್ಕೆ ಗೊತ್ತಾಗುತ್ತೆ, ಪರದೆ ಆರಿಸುತ್ತೆ. ಅದು ಯಾಕಂದ್ರೆ...”

“ಯಾಕೆ ಅನ್ನೋದು ನನಗೆ ಬೇಡ. ಆರಬಾರದು. ಅದಕ್ಕೇನು ಮಾಡ್ಬೇಕೋ ಮಾಡು.”

“ಕಿವಿಗೆ ಇಟ್ಕೊಂಡ ಮೇಲೆ ಪರದೆ ನೋಡೋರು ಯಾರು? ನಿಮ್ಮ ಕಿವಿಗೆ ಕಣ್ಣಿದೆಯಾ?”

“ನೋಡೋದಕ್ಕಲ್ಲ” ಎಂದ ವ್ಯಾಪಾರಿ. “ಅದು ಅಲ್ಲಿ ಇರಬೇಕು, ಅಷ್ಟೇ.”

ರಿಪೇರಿಯವನು ಅವನ ಮುಖ ನೋಡಿದ. ಇಂಥ ಗಿರಾಕಿಯ ಜೊತೆ ವಾದ ಮಾಡುವುದಕ್ಕಿಂತ ಕೆಲಸ ಮಾಡಿ ಕಳಿಸುವುದು ಸುಲಭ. ಫೋನಿನ ಸೆಟ್ಟಿಂಗಿನಲ್ಲಿ ಎಲ್ಲೋ ಹೋಗಿ ಪರದೆಯ ಮೇಲಿನ ಒಂದು ಗುಂಡಿಯನ್ನು ಬಲದಿಂದ ಎಡಕ್ಕೆ ಸರಿಸಿದ. ಸೆನ್ಸರಿನ ಕೆಲಸ ನಿಂತಿತು.

ಅಂದು ಸಂಜೆ ಅವಳ ಕರೆ ಬಂತು. ಕಿವಿಗಿಟ್ಟ. ಪರದೆ ಆರಲಿಲ್ಲ. ಅವಳ ಮುಖ ಅವನ ಕೆನ್ನೆಗೆ ಆನಿಕೊಂಡು ಬೆಳಗುತ್ತಿತ್ತು. ಅದನ್ನು ನೋಡುವ ಭಾಗ್ಯ ಕೆನ್ನೆಗೆ ಮಾತ್ರ ಇತ್ತು. ಆದರೆ ಎದುರಿನ ಕೊಳಗದಲ್ಲಿ ಅವನಿಗೆ ತನ್ನ ಕೆನ್ನೆಯ ಮೇಲಿನ ಬೆಳಕು ಕಂಡಿತು. ಅವಳು ಎಮ್ಮೆ ಕರು ಹಾಕಿದ ಸುದ್ದಿ ಹೇಳುತ್ತಿದ್ದಳು. ಅವನು ಕೊಳಗ ನೋಡುತ್ತ ಹೂಂಗುಟ್ಟಿದ.

ಅಲ್ಲಿಂದ ಮುಂದೆ ಕರೆಗಳು ನಡುವೆಯೇ ಕಡಿದುಹೋಗತೊಡಗಿದವು.

ಎಮ್ಮೆ, ಮಳೆ, ನೆಂಟರ ಮದುವೆ ಇಂಥ ಮಾತುಗಳಿಗೆ ಅವನು ಫೋನನ್ನು ಸಡಿಲವಾಗಿ ಹಿಡಿದಿರುತ್ತಿದ್ದ. ಆಗ ಏನೂ ಆಗುತ್ತಿರಲಿಲ್ಲ. ಅವಳ ದನಿ ತಗ್ಗಿ, ಇನ್ನು ಮನಸ್ಸಿನ ಮಾತು ಬಂದೀತು ಎನ್ನಿಸಿದಾಗ ಒತ್ತಿ ಹಿಡಿಯುತ್ತಿದ್ದ. ಆಗಲೇ ಕಡಿದುಹೋಗುತ್ತಿತ್ತು. ಅವಳೇ ಕಟ್ ಮಾಡಿದಳು ಎಂದು ಅವನು ತಿಳಿದ. ಹೇಳಲು ಬಂದು ಮನಸ್ಸು ಬದಲಿಸಿದಳು ಎಂದುಕೊಂಡ. ತಾನು ಬಾಯಿ ತೆರೆದ ಕೂಡಲೇ ಗಂಡ ಕಟ್ ಮಾಡುತ್ತಾನೆ ಎಂದು ಅವಳು ತಿಳಿದಳು. ಇಬ್ಬರಿಗೂ ಅಭಿಮಾನವಿತ್ತು. ಇಬ್ಬರೂ ತಿರುಗಿ ಫೋನು ಮಾಡಲಿಲ್ಲ. ಮರುದಿನ ಸಂಜೆ ಅವಳು ಮಾಡುತ್ತಿದ್ದಳು. ಕಡಿದುಹೋದದ್ದರ ಬಗ್ಗೆ ಅವಳೂ ಕೇಳುತ್ತಿರಲಿಲ್ಲ, ಅವನೂ ಕೇಳುತ್ತಿರಲಿಲ್ಲ. ಮತ್ತೆ ಎಮ್ಮೆಯಿಂದ ಶುರುವಾಗುತ್ತಿತ್ತು.

ಅವಳ ತವರೂರಿನ ಶಾಲೆಯಲ್ಲಿ ಮಕ್ಕಳ ಬಿಸಿಯೂಟ ಮಾಡಲು ಒಬ್ಬರು ಬೇಕಾಗಿದ್ದರು. ಹೆಡ್‌ಮಾಸ್ಟರು ಅವಳನ್ನು ಕೇಳಿದರು. ಸೋಮವಾರದೊಳಗೆ ಹೇಳಿ ಎಂದರು. ಸೇರಿದರೆ ಬೇಸಿಗೆ ರಜೆಯವರೆಗೆ ಬಿಟ್ಟುಬರುವಂತಿಲ್ಲ. ಭಾನುವಾರ ಸಂಜೆ ಅವಳು ಗಂಡನಿಗೆ ಫೋನು ಮಾಡಿದಳು. ಎಮ್ಮೆಯ ವಿಷಯ ಎತ್ತಲಿಲ್ಲ.

“ಒಂದು ಮಾತು ಕೇಳ್ಬೇಕು. ನಾಳೆಗೆ ಹೇಳ್ತೀನಿ ನೋಡ್ತೀನಿ ಅನ್ಬೇಡಿ, ಈಗ್ಲೇ ಹೇಳ್ಬೇಕು” ಎಂದಳು.

ಅವನು ಒಂದು ಪದವೂ ತಪ್ಪಿಹೋಗಬಾರದೆಂದು ಫೋನನ್ನು ಎರಡೂ ಕೈಯಿಂದ ಕೆನ್ನೆಗೆ ಒತ್ತಿಕೊಂಡ.

ಕರೆ ಕಡಿದುಹೋಯಿತು.

ಅವಳು ಆ ರಾತ್ರಿ ಕಾದಳು. ಅವನೂ ಕಾದ. ಸೋಮವಾರ ಬೆಳಿಗ್ಗೆ ಅವಳು ಶಾಲೆಗೆ ಹೋಗಿ ಒಪ್ಪಿಕೊಂಡಳು. ಅಂದು ಸಂಜೆ ಫೋನು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ವಾರ ಕಳೆಯಿತು. ಸಂಜೆಯಾದರೆ ವ್ಯಾಪಾರಿ ಫೋನನ್ನು ತಕ್ಕಡಿಯ ಪಕ್ಕದಲ್ಲಿ ಮಲಗಿಸಿ ಎದುರು ಕೂರುತ್ತಿದ್ದ. ಪರದೆ ಈಗ ದಿನವಿಡೀ ಕಪ್ಪಾಗಿಯೇ ಇತ್ತು.

ಪರದೆ ಮತ್ತೆ ಕೆಟ್ಟಿದೆ ಎಂದು ಅವನು ರಿಪೇರಿಯವನ ಹತ್ತಿರ ಓಡಿದ.

ರಿಪೇರಿಯವನು ತನ್ನ ಫೋನಿನಿಂದ ಅವನಿಗೆ ಕರೆ ಮಾಡಿದ. ಅದು ರಿಂಗಾಯಿತು. ಪರದೆ ಬೆಳಗಿತು.

“ಚೆನ್ನಾಗಿದೆಯಲ್ಲ. ಯಾರೂ ಫೋನ್ ಮಾಡ್ತಿಲ್ಲ, ಅಷ್ಟೇ. ಅದಕ್ಕೆ ನನ್ನ ಹತ್ರ ರಿಪೇರಿ ಇಲ್ಲ. ಎತ್ತಿ ನೋಡಿ, ದನಿ ಕೇಳುತ್ತಾ?”

ವ್ಯಾಪಾರಿ ಎತ್ತಿದ. ಅಭ್ಯಾಸದಂತೆ ಕೆನ್ನೆಗೆ ಒತ್ತಿ ಹಿಡಿದ. ಕರೆ ಕಡಿದುಹೋಯಿತು.

“ಯಾಕ್ರೀ ಕಟ್ ಮಾಡಿದ್ರಿ?” ಎಂದ ರಿಪೇರಿಯವನು.

“ನಾನೆಲ್ಲಿ ಮಾಡ್ದೆ? ನೀನೇ ಮಾಡಿದ್ದು.”

“ನನ್ನ ಫೋನ್ ಇಲ್ಲಿ ಮೇಜಿನ ಮೇಲಿದೆ, ನನ್ನ ಕೈ ಇಲ್ಲಿದೆ ನೋಡಿ. ನಿಮ್ಮ ಪರದೆಯಲ್ಲಿ ಕೆಂಪು ಗುಂಡಿ ಇದೆಯಲ್ಲ, ಅದಕ್ಕೆ ನಿಮ್ಮ ಕೆನ್ನೆ ತಗುಲ್ತು. ಪರದೆ ಬೆಳಗ್ತಾ ಇದ್ರೆ ಅದಕ್ಕೆ ಬೆರಳು ಯಾವ್ದು ಕೆನ್ನೆ ಯಾವ್ದು ಗೊತ್ತಾಗಲ್ಲ. ಅದಕ್ಕೇ ಮುಖ ಹತ್ರ ಬಂದಾಗ ಅದು ಕಪ್ಪಾಗೋದು, ಮಾತು ಕಡಿದುಹೋಗ್ದೆ ಇರ್ಲಿ ಅಂತ. ಅವತ್ತೇ ಹೇಳೋಕೆ ಬಂದೆ. ನೀವು ಯಾಕೆ ಅನ್ನೋದು ಬೇಡ ಅಂದ್ರಿ.”

ವ್ಯಾಪಾರಿ ತನ್ನ ಕೆನ್ನೆಯನ್ನು ಮುಟ್ಟಿ ನೋಡಿಕೊಂಡ. ಸೆನ್ಸರಿನ ಗುಂಡಿಯನ್ನು ಮೊದಲಿದ್ದ ಕಡೆಗೆ ಸರಿಸಿಕೊಡಲು ಹೇಳಿದ.

ಅಂಗಡಿಗೆ ಬಂದು ಮೊದಲ ಸಲ ಅವನೇ ಫೋನು ಮಾಡಿದ. ಅವಳು ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. ಎತ್ತಿದಳು. ಕಿವಿಗಿಟ್ಟ. ಪರದೆ ಕಪ್ಪಾಯಿತು. ಕೊಳಗದಲ್ಲಿ ಅವನ ಕೆನ್ನೆಯೂ ಕಪ್ಪಾಯಿತು.

“ಏನು ಪುಣ್ಯವೋ, ಸಾಹುಕಾರ್ರೇ ಫೋನ್ ಮಾಡಿದ್ದಾರೆ” ಎಂದಳು ಅವಳು. “ಇವತ್ತು ಮಾತು ಎಲ್ಲಿಗೆ ಬಂದಾಗ ಕಟ್ ಮಾಡ್ತೀರಿ?”

“ಮಾಡಲ್ಲ. ಅವತ್ತು ಏನೋ ಕೇಳ್ಬೇಕು ಅಂದ್ಯಲ್ಲ, ಕೇಳು.”

“ಈಗ ಕೇಳಿ ಏನು ಬಂತು? ನಾನು ಬರ್ಲೋ ಬೇಡ್ವೋ ಅಂತ ಕೇಳ್ಬೇಕು ಅಂತಿದ್ದೆ. ನೀವು ಫೋನ್ ಇಟ್ರಿ. ಅದೇ ಉತ್ತರ ಅಂದ್ಕೊಂಡೆ. ಶಾಲೆಯಲ್ಲಿ ಅಡುಗೆ ಕೆಲಸಕ್ಕೆ ಸೇರ್ಕೊಂಡಿದ್ದೀನಿ.”

ಅವನು ಕೆನ್ನೆಯ ಕತೆ ಹೇಳಿದ. ಪೂರ್ತಿ ಹೇಳಿದ. ಕೊಳಗದಲ್ಲಿ ಬೆಳಕು ನೋಡುತ್ತಿದ್ದದ್ದನ್ನೂ ಬಿಡಲಿಲ್ಲ. ಅವಳು ನಗಬಹುದೆಂದು ಅವನು ಎಣಿಸಿದ್ದ. ಅವಳು ನಗಲಿಲ್ಲ.

“ಮನೇಲಿ ನಾನು ಎದುರಿಗೇ ಇರ್ತಿದ್ದೆ. ಆಗ ಒಂದಿನಾನೂ ನೋಡ್ಲಿಲ್ಲ” ಎಂದಳು.

ಅವನು “ಬಾ” ಎಂದ.

ಬಹಳ ಹೊತ್ತು ಅವಳು ಏನೂ ಹೇಳಲಿಲ್ಲ. ಫೋನು ಕಡಿದುಹೋಯಿತೇನೋ ಎಂದು ಅವನಿಗೆ ಭಯವಾಯಿತು. ಕಿವಿಯಿಂದ ತೆಗೆದು ನೋಡಬೇಕೆನ್ನಿಸಿತು. ತೆಗೆಯಲಿಲ್ಲ. ಕತ್ತಲಲ್ಲೇ ಹಿಡಿದುಕೊಂಡ.

ಆಗ ಅವನಿಗೆ ಅವಳ ಉಸಿರು ಕೇಳಿಸಿತು. ಹಿಂದೆ ಒಲೆಯ ಮೇಲೆ ಏನೋ ಕುದಿಯುತ್ತಿತ್ತು. ಅದರ ಮುಚ್ಚಳ ಅಲುಗಿ ಸದ್ದು ಮಾಡುತ್ತಿತ್ತು. ಪಾತ್ರೆ ವ್ಯಾಪಾರಿಗೆ ಆ ಸದ್ದು ತಿಳಿಯಿತು. ಅಂಚು ಸೊಟ್ಟಗಾಗಿದೆ, ಮಾರಾಟವಾಗುವುದಿಲ್ಲ ಎಂದು ಅವನು ಮನೆಗೆ ಕೊಟ್ಟಿದ್ದ ತಪ್ಪಲೆಯ ಮುಚ್ಚಳ ಅದು. ಅಡುಗೆಮನೆಯಲ್ಲಿ ಒಳ್ಳೆಯ ಪಾತ್ರೆಗಳು ಎಷ್ಟೋ ಇದ್ದವು. ತವರಿಗೆ ಹೋಗುವಾಗ ಅವಳು ಅದನ್ನೇ ಒಯ್ದಿದ್ದಳು. ಇಷ್ಟು ದಿನದ ಕರೆಗಳಲ್ಲೂ ಆ ಸದ್ದು ಇದ್ದಿರಬೇಕು.

“ರಜೆ ಬರೋವರೆಗೂ ಬಿಡೋ ಹಾಗಿಲ್ಲ. ಆ ಮಕ್ಕಳಿಗೆ ಅಡುಗೆ ಮಾಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ದಿನಾ ಫೋನ್ ಮಾಡ್ತೀನಿ” ಎಂದಳು ಅವಳು. ಆಮೇಲೆ, “ರಿಂಗ್ ಆದ ತಕ್ಷಣ ಎತ್ತಿ” ಎಂದಳು.

ಬೇಸಿಗೆ ಇನ್ನೂ ಬಹಳ ದೂರವಿತ್ತು. ಅಂದಿನಿಂದ ವ್ಯಾಪಾರಿ ಮೊದಲ ರಿಂಗಿಗೇ ಫೋನು ಎತ್ತುತ್ತಿದ್ದ. ಫೋಟೋ ಬಂದದ್ದೂ ಹೋದದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಆ ದೊಡ್ಡ ಕೊಳಗವನ್ನು ಒಂದು ಮದುವೆಮನೆಯವರಿಗೆ ಮಾರಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮೊರದಲ್ಲಿ ಅವರೆಕಾಯಿ ಮುಗಿಯುತ್ತ ಬಂದಿತ್ತು. ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ಹಂಪಯ್ಯ ಒಮ್ಮೆ ಬಾಗಿಲ ಬಳಿಯ ಚೀಲದ ಕಡೆ ತಿರುಗಿ ನೋಡಿದ. ಅವನಿಗೆ ಸಮಾಧಾನವಾಗಿರಲಿಲ್ಲ.

“ಅಲ್ಲ ಗುರುಗಳೇ, ಅವನಿಗೆ ಸಿಕ್ಕಿದ್ದಾದರೂ ಏನು? ಹೆಂಡತಿ ಬರಲಿಲ್ಲ. ಇದ್ದ ಫೋಟೋವೂ ಹೋಯಿತು. ಮೊದಲಿದ್ದ ಕತ್ತಲೇ ಕೊನೆಗೂ ಉಳಿಯಿತಲ್ಲ?”

ಗುರುಗಳು ಕೊನೆಯ ಕಾಯನ್ನು ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದರು.

“ಹತ್ತಿರ ಬಂದ ಮೇಲೆ ನಿನಗೂ ಕತ್ತಲಾಯಿತು ಎಂದೆಯಲ್ಲ ಹಂಪಯ್ಯ, ಆಗ ನಿನ್ನ ಕಿವಿ ಎಲ್ಲಿತ್ತು?”