ನೀಲಿ ಹಿಡಿಯದ ಕರುಳು

"ಕೇಳ್ರಪ್ಪೋ ಕೇಳಿ! ಎರೆಯರಸರ ಮಗಳು ಚಂದಲೆ ಮೂರು ಒಗಟು ಹಾಕ್ತಾಳೆ. ಮೂರೂ ಒಡೆದವನಿಗೆ ಬೇಡಿದ್ದು ಸಿಗುತ್ತೆ, ತಪ್ಪಿದವನ ತಲೆ ಹೋಗುತ್ತೆ! ಢಂ ಢಂ!"

ಡಂಗುರ ಸಾರಿದಾಗ ಲಕ್ಕ ಹೊಳೆಯಲ್ಲಿ ಕುರಿಯ ಬೋಟಿ, ಅಂದರೆ ಕರುಳು, ತೊಳೆಯುತ್ತಿದ್ದ. ಅವನ ಕಸುಬೇ ಅದು. ನೊಣ ಬಿಟ್ಟರೆ ಹತ್ತಿರ ಸುಳಿಯುವವರಿಲ್ಲ. ರಾಜಕುಮಾರಿಯ ಬಳಿ ಇರುವೆಯನ್ನು ಎಮ್ಮೆ ಮಾಡಿ ತೋರಿಸುವ ಗಾಜೊಂದಿದೆಯಂತೆ. ಅದರಲ್ಲಿ ಒಮ್ಮೆ ಇಣುಕುವ ಆಸೆಗೆ ಅವನು ತಲೆಯನ್ನೇ ಪಣಕ್ಕಿಟ್ಟು, ಬೋಟಿಯ ಗಂಟಿನ ಸಮೇತ ಅರಮನೆಗೆ ನಡೆದ.

ಅಲ್ಲಿ ಆಗಲೇ ಇಬ್ಬರಿದ್ದರು, ಮೀಸೆಯ ರಾಜಕುಮಾರನೊಬ್ಬ, ಶಾಲಿನ ಪಂಡಿತನೊಬ್ಬ.

ಚಂದಲೆ ಗಾಜಿಗೆ ಕಣ್ಣಿಟ್ಟೇ ಕೇಳಿದಳು: "ಒಂದು ಓಣಿ. ದಿನವಿಡೀ ಮುಳ್ಳು, ಕಡ್ಡಿ, ಹುಲ್ಲು ಹಾಯುತ್ತವೆ. ಗೋಡೆಗೆ ಒಂದು ಗೀರೂ ಇಲ್ಲ. ಕಾಯೋರು ಯಾರು?"

"ನಮ್ಮ ಸೈನಿಕರು!" ಅಂದ ರಾಜಕುಮಾರ. ಅವನನ್ನು ಕಂಬಕ್ಕೆ ಕಟ್ಟಿದರು.

"ಕರುಳಿನ ಲೋಳೆ ಅಲ್ವಾ ಅಮ್ಮಣ್ಣಿ?" ಅಂದ ಲಕ್ಕ. "ದಿನಾ ನನ್ನ ಕೈಯಿಂದ ಜಾರ್ತದೆ."

ಚಂದಲೆ ಕಣ್ಣೆತ್ತಿದಳು. "ಬಿಸಿಲು ಕಾಣದ ಹೊಲ. ಒತ್ತಾದ ಪೈರು, ಕೊಯ್ಯೋರಿಲ್ಲ. ಆದರೂ ಒಡೆಯನನ್ನು ಸಾಕುತ್ತೆ. ಏನದು?"

"ಕನಸು, ದೇವಿ," ಎಂದ ಪಂಡಿತ.

"ಕನಸಲ್ಲಿ ಉಂಡ್ರೆ ಹೊಟ್ಟೆ ತುಂಬುತ್ತಾ ಸ್ವಾಮಿ?" ಅಂದ ಲಕ್ಕ. "ಕರುಳಿನ ಒಳಗಿನ ಮಖಮಲ್ಲು ಅದು. ತಿಂದದ್ದನ್ನೆಲ್ಲ ಹೀರ್ಕೊಳ್ಳೋದು ಅದೇ."

ಪಂಡಿತನೂ ಕಂಬ ಸೇರಿದ. ಚಂದಲೆಯ ದನಿ ತಗ್ಗಿತು.

"ಆ ಪೈರಿನ ನಡುವೆ ಲೋಳೆ ತುಂಬಿದ ಪುಟ್ಟ ಬಟ್ಟಲುಗಳಿವೆಯಂತೆ. ನೀಲಿಯಲ್ಲಿ ಅದ್ದಿದರೆ ಲೋಳೆ ಮಾತ್ರ ಬಣ್ಣ ಹಿಡಿಯುತ್ತೆ ಅಂತ ನನ್ನ ಗುರುಗಳು ಹೇಳಿದ್ದರು. ಕರುಳಿನ ತುಂಡನ್ನು ನೂರು ಸಲ ಅದ್ದಿದೆ. ಹಿಡಿಯಲಿಲ್ಲ. ಯಾಕೆ?"

ಇದರ ಉತ್ತರ ಅವಳಿಗೂ ಗೊತ್ತಿರಲಿಲ್ಲ. ಹೊರಗೆ ಕತ್ತಿ ಮಸೆಯುವ ಸದ್ದು. ಲಕ್ಕ ಗಾಜಿನ ಪಕ್ಕದ ತಟ್ಟೆಯಲ್ಲಿದ್ದ ಆ ಕರುಳಿನ ತುಂಡನ್ನು ಬೆರಳಲ್ಲಿ ಉಜ್ಜಿದ. ಜಾರಲಿಲ್ಲ.

"ಇದನ್ನ ತೊಳೆದೋರು ಯಾರು?"

"ನಾನೇ," ಎಂದ ಬಾಗಿಲಲ್ಲಿ ನಿಂತಿದ್ದ ಅರಮನೆಯ ಅಡುಗೆಭಟ್ಟ ಹೆಮ್ಮೆಯಿಂದ. "ರಾಜಕುಮಾರಿಗೆ ಗಲೀಜು ಕೊಡೋಕಾಗುತ್ತಾ? ಕುದಿನೀರಲ್ಲಿ ಅದ್ದಿ, ಕೆರೆದು, ಬೆಳ್ಳಗೆ ಮಾಡಿದ್ದೀನಿ."

"ಸಾರಿಗೆ ಸರಿ ಕಣಣ್ಣ, ಗಾಜಿಗಲ್ಲ! ಹೊಲಾನೇ ಕೆರೆದು ಬಚ್ಚಲಿಗೆ ಬಿಟ್ಟರೆ ಬಟ್ಟಲು ಎಲ್ಲಿ ಉಳೀತದೆ?"

ಲಕ್ಕ ಗಂಟು ಬಿಚ್ಚಿ ತೊಳೆಯದ ಕರುಳು ತೆಗೆದ. ಸಿಂಹಾಸನದಲ್ಲಿದ್ದ ಅರಸರು ಮೂಗು ಮುಚ್ಚಿಕೊಂಡರು. ಚಂದಲೆ ಅದನ್ನು ಹದಮಾಡಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ನೀಲಿಯಲ್ಲಿ ಅದ್ದಿ ತೆಗೆದಳು. ಗಾಜಿಗೆ ಕಣ್ಣಿಟ್ಟು ನೋಡಿದಳು. ಆಮೇಲೆ ಮಣೆಯ ಮೇಲೆ ಸರಿದು ಲಕ್ಕನಿಗೆ ಜಾಗ ಬಿಟ್ಟಳು.

"ಬಾ."

ಲಕ್ಕ ಇಣುಕಿದ. ಮಂಜಿನಂಥ ಹೊಲವೊಂದು ಅಲೆಯಲೆಯಾಗಿ ಬಾಗಿತ್ತು. ನಡುನಡುವೆ ಸಾವಿರ ಬಟ್ಟಲು, ಒಂದೊಂದರಲ್ಲೂ ಒಂದೊಂದು ಗುಟುಕು ಮುಸ್ಸಂಜೆಯ ನೀಲಿ ಆಕಾಶ. ತಾನು ಇಷ್ಟು ವರ್ಷ ಹೊಳೆಗೆ ಬಿಟ್ಟದ್ದು ಇದನ್ನೇ!

"ಅರ್ಧ ರಾಜ್ಯ ಬೇಕೇನೋ?" ಎಂದರು ಅರಸರು.

"ಅರ್ಧ ಮಣೆ ಸಾಕು, ಬುದ್ಧಿ. ಮತ್ತೆ... ಆ ಇಬ್ಬರ ತಲೆ ಅವರಿಗೇ ಇರಲಿ, ಕೈ ನನಗೆ ಕೊಡಿ. ಹೊಳೇಲಿ ಕೆಲಸ ಬಾಕಿ ಐತೆ."

ಈಗ ಲಕ್ಕ ಗಾಜಿನ ಮುಂದೆ ಚಂದಲೆಯ ಪಕ್ಕ ಕೂರುತ್ತಾನೆ. ಹೊಳೆಯಲ್ಲಿ ಮೀಸೆಯೂ ಶಾಲೂ ಒದ್ದೆ ಮಾಡಿಕೊಂಡು ಇಬ್ಬರು ಬೋಟಿ ತೊಳೆಯುತ್ತಾರೆ. ಅವರ ಕೈಯಿಂದ ಲೋಳೆ ಜಾರಿತು, ನನ್ನ ಕೈಯಿಂದ ಕತೆ ಜಾರಿತು.