ಲಾಡ್ಜಿನ ಹಳೇ ಫೋನು

ದಾವಣಗೆರೆಯ ಒಂದು ಲಾಡ್ಜಿನಲ್ಲಿ ನಾನು ಫೋನು ಕರೆ ಜೋಡಿಸುವ ಗುಮಾಸ್ತನಾಗಿದ್ದೆ. ಇಪ್ಪತ್ತು ರೂಮುಗಳಲ್ಲಿ ಒಂದು ಫೋನೂ ನನ್ನ ಅಪ್ಪಣೆಯಿಲ್ಲದೆ ಕೆಮ್ಮುತ್ತಿರಲಿಲ್ಲ, ಅಷ್ಟು ದೊಡ್ಡ ಮನುಷ್ಯ ನಾನು.

ಒಂದು ದಿನ ಟೈ ಕಟ್ಟಿಕೊಂಡು, ಕೈಯಲ್ಲಿ ಕ್ಯಾಟಲಾಗು ಹಿಡಿದ ಪ್ರಫುಲ್ಲಚಂದ್ರ ಎಂಬ ಸೇಲ್ಸ್‌ಮನ್ ಬಂದ. ಮಾಲೀಕ ಕೊಟ್ರಬಸಪ್ಪನವರ ಎದುರಿಗೇ ನಮ್ಮ ಹಳೇ ಫೋನನ್ನು ಎರಡು ಬೆರಳಲ್ಲಿ ಎತ್ತಿದ, ಸತ್ತ ಇಲಿ ಎತ್ತಿದ ಹಾಗೆ.

"ಇಂಥದ್ದರಲ್ಲಿ ಇಂಟರ್ನೆಟ್ ಮೇಲೆ ಮಾತಾಡೋಕೆ ಏಳೇಳು ಜನ್ಮಕ್ಕೂ ಆಗಲ್ಲ ಸಾರ್. ಎಲ್ಲ ಎಸೆದು ನಮ್ಮ ಫೋನು ಹಾಕಿಸಿ. ಕರೆ ತಂತಾನೇ ಜೋಡಿಸಿಕೊಳ್ಳುತ್ತೆ, ಈ ಗುಮಾಸ್ತನೂ ಬೇಕಾಗಲ್ಲ."

ಮಾಲೀಕರು ಸಹಿ ಹಾಕಲು ಪೆನ್ನು ತೆಗೆದೇಬಿಟ್ಟರು. ನಾನು ಪ್ರಫುಲ್ಲಚಂದ್ರನಿಗೆ ಕೈ ಮುಗಿದೆ. "ಸಾರ್, ನಮ್ಮ ಫೋನು ಎಷ್ಟು ದರಿದ್ರ ಅಂತ ಯಜಮಾನರೂ ಒಮ್ಮೆ ಕೇಳಲಿ. ಇದರಿಂದಲೇ ನಿಮ್ಮ ಸಾಹೇಬರ ಜೊತೆ ಮಾತಾಡಿ."

ಮಹಾಶಯ ನಗುತ್ತಾ ನಂಬರು ಒತ್ತಿದ. ಮಾಲೀಕರು ರಿಸೀವರಿನ ಹತ್ತಿರ ಕಿವಿ ತಂದರು.

"ಏನಯ್ಯಾ, ಪಕ್ಕದಲ್ಲೇ ಕೂತು ಮಾತಾಡಿದ ಹಾಗಿದೆ," ಅಂದಿತು ಬೆಂಗಳೂರಿನ ಸಾಹೇಬರ ದನಿ. "ಆಗಲೇ ನಮ್ಮ ಫೋನು ಹಾಕಿಬಿಟ್ಟೆಯಾ? ಭೇಷ್."

ನಾನು ಕೌಂಟರಿನ ಕೆಳಗಿಂದ ಸೋಪಿನ ಪೆಟ್ಟಿಗೆಯಷ್ಟಿದ್ದ ಡಬ್ಬಿ ಎತ್ತಿ ತೋರಿಸಿದೆ. ಒಂದು ಕಡೆ ಹಳೇ ಫೋನಿನ ವೈರು, ಇನ್ನೊಂದು ಕಡೆ ಇಂಟರ್ನೆಟ್ಟಿನ ವೈರು. "ಹಳೇ ಫೋನಿನ ಮಾತನ್ನ ಇದು ಇಂಟರ್ನೆಟ್ಟಿಗೆ ದಾಟಿಸುತ್ತೆ. ಕಳೆದ ವಾರವೇ ಸಿಕ್ಕಿಸಿದ್ದೆ. ಈಗ ನೀವು ಮಾತಾಡಿದ್ದೂ ಇಂಟರ್ನೆಟ್ ಮೇಲೇ."

ಮಾಲೀಕರು ಪೆನ್ನಿನ ಮುಚ್ಚಳ ಹಾಕಿದರು. ಪ್ರಫುಲ್ಲಚಂದ್ರ ಮೂಗು ಮುರಿದ. "ಯಾವುದೋ ಸಂತೆ ಮಾಲು. ಯಾರು ಮಾಡಿದ್ದು ಇದನ್ನ?"

"ನಿಮ್ಮ ಕಂಪನಿಯವರೇ ಸಾರ್. ನಿಮ್ಮ ಕೈಯಲ್ಲಿರೋ ಕ್ಯಾಟಲಾಗಿನ ಕೊನೇ ಪುಟದಲ್ಲಿದೆ. ಅಲ್ಲೀತನಕ ಓದೋಕೆ ನಿಮಗೆಲ್ಲಿ ಬಿಡುವು."